ಸತ್ತ ಹಕ್ಕಿಗೆ ತಂತಿ ಚುಚ್ಚಿ ಜೀವ ಬರಿಸಿದವನು: ಚಿತ್ರಗಾರ ಆಡುಬಾನ್ ಬದುಕು

ಹಕ್ಕಿ ಚಿತ್ರ ಬಿಡಿಸೋಕೆ ಪೆನ್ಸಿಲ್ ಹಿಡಿದು ಕೂತವರಿಗೆಲ್ಲ ಮೊದಲ ತಲೆನೋವು ಒಂದೇ. ಹಕ್ಕಿ ಒಂದು ಕಡೆ ಕೂರಲ್ಲ. ಕೊಕ್ಕಿನ ಗೆರೆ ಎಳೆದು ತಲೆ ಎತ್ತೋದ್ರೊಳಗೆ ಅದು ಇನ್ನೊಂದು ಕೊಂಬೆಗೆ ಹಾರಿರುತ್ತೆ. ಈಗಿನ ಹುಡುಗರು ಮೊಬೈಲ್‌ನಲ್ಲಿ ಫೋಟೊ ಹೊಡೆದು, ಅದನ್ನ ಪಕ್ಕದಲ್ಲಿಟ್ಟುಕೊಂಡು ಒಂದೊಂದು ಪುಕ್ಕವನ್ನೂ ಬಿಡಿಸ್ತಾರೆ. ಇನ್ನೂರು ವರ್ಷದ ಹಿಂದೆ ಆ ಸೌಲಭ್ಯ ಯಾರಿಗೂ ಇರಲಿಲ್ಲ. ಆ ಕಾಲದಲ್ಲಿ ಒಬ್ಬ ಮನುಷ್ಯ ಅಮೆರಿಕದ ಕಾಡು, ಕೆಸರು, ನದಿ ದಂಡೆಯೆಲ್ಲ ಅಲೆದು ನಾನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಕಾಗದಕ್ಕೆ ಇಳಿಸಿದ. ಅದೂ ಹಕ್ಕಿ ಎಷ್ಟು ದೊಡ್ಡದಿತ್ತೋ ಅಷ್ಟೇ ದೊಡ್ಡದಾಗಿ. ಅವನ ಹೆಸರು ಜಾನ್ ಜೇಮ್ಸ್ ಆಡುಬಾನ್.

ಅವನ ಚಿತ್ರದಲ್ಲಿ ಹಕ್ಕಿಗಳು ಕಿತ್ತಾಡುತ್ತವೆ, ಮರಿಗೆ ಗುಟುಕು ಕೊಡುತ್ತವೆ, ಬೇಟೆಯ ಮೇಲೆ ಎರಗುತ್ತವೆ. ಆದರೆ ಬಿಡಿಸುವಾಗ ಅವುಗಳಲ್ಲಿ ಬಹುತೇಕ ಎಲ್ಲವೂ ಅವನ ಮುಂದೆ ಸತ್ತು ಬಿದ್ದಿದ್ದವು. ಹೆಚ್ಚಿನವನ್ನು ಹೊಡೆದಿದ್ದೂ ಅವನೇ. ಸತ್ತದ್ದನ್ನ ಬದುಕಿದ್ದಂತೆ ತೋರಿಸೋದು ಹೇಗೆ ಅನ್ನೋದೇ ಅವನ ಇಡೀ ಬದುಕಿನ ಕಸುಬು. ಹಕ್ಕಿ ವಿಷಯದಲ್ಲಷ್ಟೇ ಅಲ್ಲ, ಮನುಷ್ಯರ ವಿಷಯದಲ್ಲೂ.

ಪರೀಕ್ಷೆಯಲ್ಲಿ ಫೇಲಾದ ಹುಡುಗ

ಆಡುಬಾನ್ ಹುಟ್ಟಿದ್ದು 1785ರ ಏಪ್ರಿಲ್ 26ರಂದು, ಕೆರಿಬಿಯನ್‌ನ ಸಾನ್ ಡೊಮಿಂಗ್‌ನಲ್ಲಿ. ಇವತ್ತು ಆ ದೇಶವನ್ನ ಹೈಟಿ ಅಂತಾರೆ. ಅಪ್ಪ ಫ್ರಾನ್ಸ್‌ನ ಹಡಗು ಕಪ್ತಾನ, ದ್ವೀಪದಲ್ಲಿ ಕಬ್ಬಿನ ತೋಟ, ತೋಟದಲ್ಲಿ ಗುಲಾಮರು. ಅಮ್ಮ ಮನೆಗೆಲಸದ ಹೆಣ್ಣುಮಗಳು, ಅಪ್ಪನ ಮದುವೆಯಾದ ಹೆಂಡತಿಯಲ್ಲ. ಮಗು ಹುಟ್ಟಿ ಕೆಲವೇ ತಿಂಗಳಲ್ಲಿ ಆಕೆ ತೀರಿಕೊಂಡಳು. ಮಗುವನ್ನು ಫ್ರಾನ್ಸ್‌ಗೆ ಕರೆಸಿಕೊಂಡು ಸಾಕಿದ್ದು ಕಪ್ತಾನನ ಹೆಂಡತಿ ಆನ್ ಮೊಯ್ನೆ. ಮಕ್ಕಳಿಲ್ಲದ ಆಕೆ ಹುಡುಗನನ್ನು ಮುದ್ದು ಮಾಡಿಯೇ ಬೆಳೆಸಿದಳು. ಹುಟ್ಟಿನ ವಿಷಯವನ್ನ ಮಾತ್ರ ಆಡುಬಾನ್ ಜೀವನವಿಡೀ ಮುಚ್ಚಿಟ್ಟ. ಕೇಳಿದವರಿಗೆ ಬೇರೆಬೇರೆ ಕಥೆ ಹೇಳ್ತಿದ್ದ. ಕಥೆ ಕಟ್ಟುವ ಈ ಚಾಳಿ ಕೊನೆವರೆಗೂ ಬಿಡಲಿಲ್ಲ.

ಅಪ್ಪ ಮಗನನ್ನು ನೌಕಾ ಶಾಲೆಗೆ ಸೇರಿಸಿದ. ಹುಡುಗನಿಗೆ ಲೆಕ್ಕ ತಲೆಗೆ ಹತ್ತಲಿಲ್ಲ, ಅಧಿಕಾರಿ ಆಗುವ ಪರೀಕ್ಷೆಯಲ್ಲಿ ಫೇಲಾದ. ಶಾಲೆಗಿಂತ ಹೊಲ ಸುತ್ತೋದು, ಗೂಡು ಹುಡುಕೋದು, ಮೊಟ್ಟೆ ತರೋದು, ಮನೆಗೆ ಬಂದು ಪೆನ್ಸಿಲ್‌ನಲ್ಲಿ ಅವನ್ನ ಬಿಡಿಸೋದು ಅವನಿಗೆ ಇಷ್ಟ. ಬಿಡಿಸಿದ್ದು ಸರಿ ಬರ್ತಿರಲಿಲ್ಲ. ತನ್ನ ಪ್ರತಿ ಹುಟ್ಟುಹಬ್ಬಕ್ಕೆ ಹಳೆಯ ಕೆಟ್ಟ ಚಿತ್ರಗಳನ್ನೆಲ್ಲ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಿದ್ದೆ ಎಂದು ಆತನೇ ಮುಂದೆ ಬರೆದುಕೊಂಡಿದ್ದಾನೆ. ಪ್ಯಾರಿಸ್‌ನ ಹೆಸರಾಂತ ಕಲಾವಿದ ಡಾವಿಡ್ ಬಳಿ ಕಲಿತೆ ಅಂತಲೂ ಹೇಳಿಕೊಂಡಿದ್ದ. ಅದನ್ನ ಇತಿಹಾಸಕಾರರು ನಂಬುವುದಿಲ್ಲ. ಅವನ ಆರಂಭದ ಚಿತ್ರಗಳನ್ನ ನೋಡಿದರೆ ಯಾರ ಬಳಿಯೂ ಸರಿಯಾಗಿ ಕಲಿತವನ ಕೈ ಅದಲ್ಲ ಅನ್ನೋದು ಗೊತ್ತಾಗುತ್ತೆ.

1803ರಲ್ಲಿ ನೆಪೋಲಿಯನ್‌ನ ಸೈನ್ಯಕ್ಕೆ ಹುಡುಗರನ್ನು ಎಳೆದೊಯ್ಯುತ್ತಿದ್ದರು. ಮಗ ಯುದ್ಧಕ್ಕೆ ಹೋಗಬಾರದು ಅಂತ ಅಪ್ಪ ಸುಳ್ಳು ಪಾಸ್‌ಪೋರ್ಟ್ ಮಾಡಿಸಿ ಅಮೆರಿಕದ ಹಡಗು ಹತ್ತಿಸಿದ. ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾ ಹತ್ತಿರ, ಮಿಲ್ ಗ್ರೋವ್ ಅನ್ನೋ ಜಮೀನು ಅಪ್ಪನ ಹೆಸರಲ್ಲಿತ್ತು. ಜಮೀನು ನೋಡಿಕೊಳ್ಳಬೇಕಾದ 18ರ ಹುಡುಗ ದಿನವಿಡೀ ಹೊಳೆ ದಂಡೆಯಲ್ಲಿ ಬಂದೂಕು ಹಿಡಿದು ಅಲೆದ. ಪಕ್ಕದ ಜಮೀನಿನ ಇಂಗ್ಲಿಷ್ ಕುಟುಂಬದ ಹುಡುಗಿ ಲೂಸಿ ಬೇಕ್‌ವೆಲ್ ಪರಿಚಯವಾದದ್ದು ಇಲ್ಲೇ. 1808ರಲ್ಲಿ ಇಬ್ಬರೂ ಮದುವೆಯಾದರು. ಈ ಲೂಸಿ ಇಲ್ಲದಿದ್ದರೆ ಆಡುಬಾನ್ ಅನ್ನೋ ಹೆಸರು ಇವತ್ತು ಯಾರಿಗೂ ಗೊತ್ತಿರ್ತಿರಲಿಲ್ಲ.

ಮಿಂಚುಳ್ಳಿಯ ದಿನ

ಆ ಕಾಲದಲ್ಲಿ ಹಕ್ಕಿ ಚಿತ್ರ ಅಂದ್ರೆ ಹೀಗಿರ್ತಿತ್ತು: ಒಣಗಿಸಿ ಹುಲ್ಲು ತುಂಬಿದ ಹಕ್ಕಿ, ಅದನ್ನ ಒಂದು ಕಡ್ಡಿ ಮೇಲೆ ನಿಲ್ಲಿಸಿ ಪಕ್ಕದಿಂದ ಕಾಣುವಂತೆ ಬಿಡಿಸಿದ ಚಿತ್ರ. ಬಣ್ಣ ಸರಿ, ಪುಕ್ಕದ ಲೆಕ್ಕ ಸರಿ. ಹಕ್ಕಿ ಮಾತ್ರ ಗೂಟದ ಹಾಗೆ.

ಆಡುಬಾನ್ ಮೊದಲು ಮಾಡಿದ್ದೂ ಅದನ್ನೇ. ಆಮೇಲೆ ಸತ್ತ ಹಕ್ಕಿಯ ಕಾಲಿಗೆ ದಾರ ಕಟ್ಟಿ ನೇತುಹಾಕಿ ಬಿಡಿಸಿದ. ರೆಕ್ಕೆ ಜೋತು ಬಿದ್ದು, ಕೋಳಿ ಅಂಗಡಿ ಮುಂದಿನ ಬೋರ್ಡಿನ ಹಾಗೆ ಕಂಡಿತು. ಮಿಲ್ ಗ್ರೋವ್ ಬಳಿಯ ಒಂದು ಗುಹೆಯಲ್ಲಿ ಫೀಬಿ ಅನ್ನೋ ಪುಟ್ಟ ಹಕ್ಕಿಗಳು ಗೂಡು ಕಟ್ಟಿದ್ದವು. ಗಂಟೆಗಟ್ಟಲೆ ಅಲ್ಲೇ ಕೂತು ಜೀವಂತ ಹಕ್ಕಿಗಳ ನೂರಾರು ಗೆರೆಚಿತ್ರ ಹಾಕಿದ. ಭಂಗಿ ಸಿಕ್ಕಿತು, ವಿವರ ಸಿಗಲಿಲ್ಲ. ಹಕ್ಕಿ ತಿರುಗಿದ ರೀತಿ ಕಾಗದದಲ್ಲಿ ಇದೆ, ರೆಕ್ಕೆಯಲ್ಲಿ ಎಷ್ಟು ಗರಿ ಅನ್ನೋದು ಇಲ್ಲ. ಚಿತ್ರ ಕಲಿಯುವವರು ಇವತ್ತಿಗೂ ಇಲ್ಲೇ ಸಿಕ್ಕಿಹಾಕಿಕೊಳ್ತಾರೆ. ಜೀವ ಹಿಡಿಯೋಕೆ ಹೋದರೆ ಅಳತೆ ತಪ್ಪುತ್ತೆ, ಅಳತೆ ಹಿಡಿದರೆ ಜೀವ ಹೋಗುತ್ತೆ.

ಮುಂದೆ ಮರ, ಬಿರಡೆ, ತಂತಿ ಸೇರಿಸಿ ಒಂದು ಗೊಂಬೆ ಹಕ್ಕಿ ಮಾಡಿದ. ಬೇಕಾದ ಹಾಗೆ ಬಗ್ಗಿಸಬಹುದು ಅನ್ನೋ ಲೆಕ್ಕ. ಗೆಳೆಯನೊಬ್ಬ ನೋಡಿ ನಕ್ಕುಬಿಟ್ಟ. ಆಡುಬಾನ್ ಅದನ್ನ ಒದ್ದು ಚೂರು ಮಾಡಿದ.

ಆಮೇಲೆ ಒಂದು ದಿನ ಬೆಳಗಿನ ಜಾವ ಥಟ್ಟನೆ ಎದ್ದು ಕೂತ. ಕುದುರೆಗೆ ಜೀನು ಹಾಕಿಸಿ ಐದು ಮೈಲಿ ದೂರದ ನಾರಿಸ್‌ಟೌನ್‌ಗೆ ಓಡಿಸಿದ. ಅಂಗಡಿಗಳೇ ತೆರೆದಿರಲಿಲ್ಲ. ಹೊಳೆಯಲ್ಲಿ ಮುಳುಗೆದ್ದು ಮತ್ತೆ ಬಂದು, ಬೇರೆಬೇರೆ ದಪ್ಪದ ತಂತಿ ಕೊಂಡು ವಾಪಸ್ ಹೊರಟ. ಮನೆಯಲ್ಲಿ ತಿಂಡಿ ತಯಾರಿತ್ತು, ತಿನ್ನಲಿಲ್ಲ. ಬಂದೂಕು ತಗೊಂಡು ಹೊಳೆಗೆ ಹೋಗಿ ಕಣ್ಣಿಗೆ ಬಿದ್ದ ಮೊದಲ ಮಿಂಚುಳ್ಳಿಯನ್ನು ಹೊಡೆದ.

ಒಂದು ಮೆದು ಹಲಗೆ ತಗೊಂಡ. ತಂತಿಯ ತುದಿಯನ್ನ ಚೂಪು ಮಾಡಿ ಹಕ್ಕಿಯ ಮೈಯೊಳಗಿಂದ ತೂರಿಸಿ ಹಲಗೆಗೆ ನೆಟ್ಟ. ಇನ್ನೊಂದು ತಂತಿ ಮೇಲಿನ ಕೊಕ್ಕಿನ ಮೂಲಕ ಹೋಗಿ ತಲೆಯನ್ನ ಎತ್ತಿ ಹಿಡಿಯಿತು. ಕಾಲಿಗೆ ಸಣ್ಣ ತಂತಿ, ಪಿನ್ನು. ಬಾಲಕ್ಕೆ ಒಂದು ಆಸರೆ. ರೆಪ್ಪೆಯನ್ನ ಬೆರಳಿನಿಂದ ಮೆಲ್ಲಗೆ ಎತ್ತಿದ. ಈಗಷ್ಟೇ ಮೀನು ನೋಡಿದ ಹಾಗೆ ಮಿಂಚುಳ್ಳಿ ಅವನ ಮುಂದೆ ನಿಂತಿತ್ತು. ಊಟ ತಿಂಡಿ ಮರೆತು ಅದನ್ನ ಬಿಡಿಸಿ ಮುಗಿಸಿದ. ತಾನು ನಿಸರ್ಗದಿಂದ ಬಿಡಿಸಿದ ಮೊದಲ ನಿಜವಾದ ಚಿತ್ರ ಅದೇ ಎಂದು ಅವನು ಕೊನೆವರೆಗೂ ನಂಬಿದ್ದ.

ತಂತಿ ಅರ್ಧ ಉಪಾಯ ಮಾತ್ರ. ಇನ್ನರ್ಧ ಚೌಕಗಳದ್ದು. ಹಕ್ಕಿಯನ್ನ ನಿಲ್ಲಿಸುವ ಹಲಗೆಯ ಮೇಲೆ ಸಮನಾದ ಚೌಕ ಎಳೆದ. ಕಾಗದದ ಮೇಲೂ ಅದೇ ಅಳತೆಯ ಚೌಕಗಳನ್ನ ಪೆನ್ಸಿಲ್‌ನಲ್ಲಿ ತೆಳುವಾಗಿ ಎಳೆದ. ಹಲಗೆಯ ಮೂರನೇ ಚೌಕದಲ್ಲಿ ಕೊಕ್ಕಿನ ತುದಿ ಇದ್ದರೆ ಕಾಗದದ ಮೂರನೇ ಚೌಕದಲ್ಲೇ ಅದು ಬರಬೇಕು. ನಮ್ಮ ಕಡೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು ಸಣ್ಣ ಫೋಟೊದ ಮೇಲೆ ಗೆರೆ ಹಾಕಿ ನಾಯಕನ ಮುಖವನ್ನ ಆಳೆತ್ತರ ಮಾಡುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಡ್ರಾಯಿಂಗ್ ಮೇಷ್ಟ್ರು ಶಾಲೆಯಲ್ಲಿ ಹೇಳಿಕೊಡೋದೂ ಇದನ್ನೇ. ಫರಕು ಏನಂದ್ರೆ, ಅವರು ಚಿಕ್ಕದನ್ನ ದೊಡ್ಡದು ಮಾಡ್ತಾರೆ. ಆಡುಬಾನ್ ಇದ್ದದ್ದನ್ನ ಇದ್ದಷ್ಟೇ ಇಳಿಸಿದ.

ಚೌಕದಿಂದ ಆದ ದೊಡ್ಡ ಉಪಕಾರ ಬೇರೆ. ಹಕ್ಕಿ ನೇರ ನಮ್ಮ ಕಡೆ ಹಾರಿ ಬರುವಾಗ ರೆಕ್ಕೆ ಮೊಟಕಾಗಿ ಕಾಣುತ್ತೆ. ಕಣ್ಣಿಗೆ ಕಾಣೋದು ನಾಲ್ಕು ಬೆರಳಷ್ಟೇ ಇದ್ದರೂ, ರೆಕ್ಕೆ ಉದ್ದ ಅಂತ ಗೊತ್ತಿರೋದರಿಂದ ಕೈ ತಾನಾಗಿ ಉದ್ದ ಎಳೆದುಬಿಡುತ್ತೆ. ಚೌಕ ಆ ತಪ್ಪಿಗೆ ಬಿಡಲ್ಲ. ಇದರ ಮೇಲೆ ಕೊಕ್ಕು, ಉಗುರು, ಗರಿಗಳನ್ನ ಡಿವೈಡರ್‌ನಲ್ಲಿ ಅಳೆದು ಕಾಗದದ ಗೆರೆಗೆ ಹೋಲಿಸಿ ನೋಡುತ್ತಿದ್ದ.

ಆಮೇಲೆ ಹೊತ್ತಿನ ಜೊತೆ ಓಟ. ಹಕ್ಕಿ ಸತ್ತ ಕೂಡಲೇ ಕಣ್ಣಿನ ಬಣ್ಣ ಮಂಕಾಗುತ್ತೆ, ಕಾಲಿನ ಬಣ್ಣ ಇಳಿಯುತ್ತೆ. ಸೆಕೆಯ ಊರಲ್ಲಿ ಮರುದಿನಕ್ಕೆ ವಾಸನೆ. ಆದ್ದರಿಂದ ಎದ್ದದ್ದೇ ಕೂತು ಬಿಡಿಸಿ, ಕತ್ತರಿಸಿ ಹೊಟ್ಟೆಯಲ್ಲಿ ಏನಿದೆ ನೋಡಿ, ಎಷ್ಟೋ ಸಲ ಅದನ್ನೇ ಬೇಯಿಸಿ ತಿಂದು, ರುಚಿ ಹೇಗಿತ್ತು ಅಂತಲೂ ಬರೆದಿಟ್ಟ! ಮೊದಲಿಗೆ ಬಳಸಿದ್ದು ಪೆನ್ಸಿಲ್ ಮತ್ತು ಪೇಸ್ಟಲ್. ಆಮೇಲೆ ಜಲವರ್ಣ ಸೇರಿತು. ಪೆನ್ಸಿಲ್ ಬಿಡಲಿಲ್ಲ. ಒಣಗಿದ ಕಡುಬಣ್ಣದ ಮೇಲೆ ಗರಿ ಹೋದ ದಿಕ್ಕಿನಲ್ಲೇ ಪೆನ್ಸಿಲ್‌ನ ಸಣ್ಣ ಸಣ್ಣ ಗೆರೆ ಎಳೆಯುತ್ತಿದ್ದ. ಪೆನ್ಸಿಲ್‌ನ ಸೀಸಕ್ಕೆ ಒಂದು ಮಿರುಗು ಇರುತ್ತಲ್ಲ, ಕಾಗದವನ್ನ ಓರೆ ಮಾಡಿದರೆ ಹಕ್ಕಿಯ ಕಪ್ಪು ರೆಕ್ಕೆ ನಿಜವಾದ ರೆಕ್ಕೆಯ ಹಾಗೇ ಹೊಳೆಯುತ್ತೆ.

ಇಲಿ, ಗಿರಣಿ, ಜೈಲು

ಮದುವೆ ಆಗಿ ಕೆಂಟಕಿ ಕಡೆ ಹೋದ ಆಡುಬಾನ್ ಮೊದಲು ಲೂಯಿವಿಲ್‌ನಲ್ಲಿ, ಆಮೇಲೆ ಹೆಂಡರ್ಸನ್‌ನಲ್ಲಿ ಅಂಗಡಿ ಇಟ್ಟ. 1810ರ ಮಾರ್ಚಿನಲ್ಲಿ ಲೂಯಿವಿಲ್‌ನ ಅಂಗಡಿಗೆ ಅಲೆಕ್ಸಾಂಡರ್ ವಿಲ್ಸನ್ ಬಂದ. ಅಮೆರಿಕದ ಹಕ್ಕಿಗಳ ಪುಸ್ತಕ ಮಾಡುತ್ತಿದ್ದ ದೊಡ್ಡ ಹೆಸರು ಅವನದು. ಪುಸ್ತಕಕ್ಕೆ ಚಂದಾದಾರರನ್ನ ಹುಡುಕಿಕೊಂಡು ಬಂದಿದ್ದ. ಆಡುಬಾನ್ ಸಹಿ ಹಾಕೋಕೆ ಪೆನ್ನು ಎತ್ತಿಯೂ ಆಗಿತ್ತು. ಅಷ್ಟರಲ್ಲಿ ಪಾಲುದಾರ ರೋಜಿಯೆ ಫ್ರೆಂಚಿನಲ್ಲಿ, ನಿನ್ನ ಚಿತ್ರಗಳೇ ಇವಕ್ಕಿಂತ ಎಷ್ಟೋ ಮೇಲು ಎಂದ. ಪೆನ್ನು ಕೆಳಗಿಳಿಯಿತು. ಹಕ್ಕಿ ಚಿತ್ರಗಳನ್ನ ಪುಸ್ತಕ ಮಾಡಬಹುದು ಅನ್ನೋ ಹುಳ ಅವನ ತಲೆಗೆ ಹೊಕ್ಕಿದ್ದು ಅವತ್ತೇ ಇರಬೇಕು.

ಒಮ್ಮೆ ಹೆಂಡರ್ಸನ್ ಬಿಟ್ಟು ಫಿಲಡೆಲ್ಫಿಯಾಗೆ ಹೋಗುವಾಗ ಸುಮಾರು 200 ಚಿತ್ರಗಳನ್ನ ಮರದ ಪೆಟ್ಟಿಗೆಯಲ್ಲಿಟ್ಟು ಬಂಧುವೊಬ್ಬರ ಕೈಗೆ ಕೊಟ್ಟಿದ್ದ. ಅವುಗಳಲ್ಲಿ ಸಾವಿರದ ಹತ್ತಿರ ಹಕ್ಕಿಗಳಿದ್ದವು. ತಿಂಗಳುಗಳ ಮೇಲೆ ಬಂದು ಪೆಟ್ಟಿಗೆ ತೆರೆದರೆ ಒಳಗೆ ಹೆಗ್ಗಣಗಳ ಸಂಸಾರ. ಕಾಗದವನ್ನೆಲ್ಲ ಕಚ್ಚಿ ಚೂರು ಮಾಡಿ ಮರಿ ಹಾಕಿದ್ದವು. ತಲೆಯೊಳಗೆ ಬೆಂಕಿ ಬಿದ್ದಂತಾಗಿ ಹಲವು ದಿನ ಹಾಸಿಗೆ ಹಿಡಿದ. ಆಮೇಲೆ ಎದ್ದು ಬಂದೂಕು, ನೋಟ್‌ಬುಕ್, ಪೆನ್ಸಿಲ್ ತಗೊಂಡು ಕಾಡಿಗೆ ಹೊರಟ. ಮೂರು ವರ್ಷ ತುಂಬುವ ಮೊದಲೇ ಪೆಟ್ಟಿಗೆ ಮತ್ತೆ ತುಂಬಿತ್ತು.

ವ್ಯಾಪಾರ ಮಾತ್ರ ತುಂಬಲಿಲ್ಲ. ಹೆಂಡರ್ಸನ್‌ನಂಥ ಸಣ್ಣ ಊರಲ್ಲಿ ಉಗಿ ಯಂತ್ರದ ದೊಡ್ಡ ಗಿರಣಿ ಕಟ್ಟಿಸಿ ಕೈ ಸುಟ್ಟುಕೊಂಡ. ಈ ಊರಿನ ದಿನಗಳಲ್ಲಿ ಅವನ ಬಳಿ ಗುಲಾಮರಿದ್ದರು. ಹಣ ಬೇಕಾದಾಗ ಅವರನ್ನ ಮಾರಿದ. ಗುಲಾಮಗಿರಿ ರದ್ದಾಗಬೇಕು ಅನ್ನೋರ ವಿರುದ್ಧವೇ ಅವನ ನಿಲುವು ಇತ್ತು. ಒಂದು ಗರಿಯ ಬಾಗನ್ನೂ ಅಷ್ಟು ಸೂಕ್ಷ್ಮವಾಗಿ ನೋಡುತ್ತಿದ್ದ ಕಣ್ಣಿಗೆ ಮನೆಯಲ್ಲೇ ದುಡಿಯುತ್ತಿದ್ದ ಮನುಷ್ಯರು ಕಾಣಲಿಲ್ಲ. ಅವನ ಕಥೆ ಹೇಳುವವರು ಇದನ್ನ ಬಹಳ ಕಾಲ ಹಾರಿಸಿಕೊಂಡೇ ಬಂದರು.

1819ರಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಬಿದ್ದವು, ಸಾಲಗಾರರು ಮುಗಿಬಿದ್ದರು. ಆಡುಬಾನ್ ಲೂಯಿವಿಲ್‌ನಲ್ಲಿ ಜೈಲು ಸೇರಿದ. ದಿವಾಳಿ ಅಂತ ಬರೆದುಕೊಟ್ಟು ಹೊರಬಂದಾಗ ಉಳಿದದ್ದು ಮೈಮೇಲಿನ ಬಟ್ಟೆ, ಬಂದೂಕು, ಚಿತ್ರಗಳು. ಎರಡು ವರ್ಷದ ಮಗಳು ಲೂಸಿ ಮೊದಲೇ ತೀರಿಹೋಗಿದ್ದಳು. ಆಮೇಲೆ ಹುಟ್ಟಿದ ರೋಸ್ ಅನ್ನೋ ಹಸುಗೂಸೂ ಉಳಿಯಲಿಲ್ಲ. ವಿಕ್ಟರ್ ಮತ್ತು ಜಾನ್ ಎಂಬ ಗಂಡುಮಕ್ಕಳಿಬ್ಬರಿಗೆ ಊಟ ಹಾಕಬೇಕಿತ್ತು.

ಮಣ್ಣಿನಿಂದ ತೆಗೆದ ಮಗು

ಕೈಲಿದ್ದ ಒಂದೇ ವಿದ್ಯೆಗೆ ಆಡುಬಾನ್ ಬೆಲೆ ಕಟ್ಟಿದ. ಕಪ್ಪು ಚಾಕ್‌ನಲ್ಲಿ ಮುಖದ ಚಿತ್ರ, ತಲೆಗೆ 5 ಡಾಲರ್. ಫೋಟೊ ಇಲ್ಲದ ಕಾಲ. ಅಜ್ಜನ ಮುಖ ಮೊಮ್ಮಕ್ಕಳಿಗೆ ಗೊತ್ತಾಗಬೇಕಾದರೆ ಯಾರಾದರೂ ಬಿಡಿಸಿಟ್ಟಿರಬೇಕು. ಎಣ್ಣೆ ಬಣ್ಣದ ಚಿತ್ರ ಶ್ರೀಮಂತರ ಮಾತು. ಆದ್ದರಿಂದ ಕೆಲವೇ ವಾರಗಳಲ್ಲಿ ಅವನಿಗೆ ಕೈತುಂಬ ಕೆಲಸ ಬಂತು.

ಹಕ್ಕಿ ಬಿಡಿಸಿ ಪಳಗಿದ ಕಣ್ಣು ಮುಖಕ್ಕೂ ಒದಗಿತು. ಕಣ್ಣು, ಮೂಗಿನ ನಡುವಿನ ದೂರ, ತುಟಿಯ ಅಂಚು, ಕಿವಿ ಎಲ್ಲಿಂದ ಎಲ್ಲಿಗೆ, ಎಲ್ಲವೂ ಅಳತೆ. ಚಾಕ್‌ನ ಮೆದುವಾದ ಕಪ್ಪನ್ನ ಕೆನ್ನೆಯಲ್ಲಿ ತೆಳುವಾಗಿ ಸವರಿ, ಕಣ್ಣಿನ ಗುಡ್ಡೆಯಲ್ಲಿ, ಮೂಗಿನ ಹೊಳ್ಳೆಯಲ್ಲಿ ಒತ್ತಿದರೆ ಮುಖ ಕಾಗದದಿಂದ ಎದ್ದು ಬರುತ್ತೆ.

ಬರಬರುತ್ತ ಬೇರೆ ರೀತಿಯ ಕರೆಗಳು ಬರತೊಡಗಿದವು. ಸಾಯುತ್ತಿರುವವರ ಮನೆಯಿಂದ. ಇನ್ನೇನು ಉಸಿರು ನಿಲ್ಲುತ್ತೆ ಅನ್ನುವಾಗ ಓಡಿಬಂದು ಕರೆದೊಯ್ಯುತ್ತಿದ್ದರು. ಹಾಸಿಗೆ ಪಕ್ಕ ಕೂತು ಬಿಡಿಸಿಕೊಡುತ್ತಿದ್ದ. ಲೂಯಿವಿಲ್‌ನ ಪಾದ್ರಿಯೊಬ್ಬರ ಮಗ ತೀರಿಕೊಂಡು ಮಣ್ಣೂ ಆಗಿತ್ತು. ಮುಖ ಉಳಿಸಿಕೊಳ್ಳಬೇಕು ಅಂತ ಆ ತಂದೆ ಗೋರಿ ತೆಗೆಸಿ ಮಗುವಿನ ದೇಹವನ್ನ ಹೊರಗೆ ತರಿಸಿದರು. ಆಡುಬಾನ್ ಅದನ್ನ ನೋಡಿ ಬಿಡಿಸಿದ. ಬಿಡಿಸಿದ್ದು ಹೆಣದ ಮುಖವಲ್ಲ. ಮಗು ಬದುಕಿದ್ದರೆ ಹೇಗಿರುತ್ತಿತ್ತೋ ಹಾಗೆ ಬಿಡಿಸಿ ಅಪ್ಪ ಅಮ್ಮನ ಕೈಗೆ ಕೊಟ್ಟ. ಅವರಿಗೆ ತುಂಬಾ ಸಮಾಧಾನ ಆಯಿತು ಎಂದು ಅವನೇ ಬರೆದಿಟ್ಟಿದ್ದಾನೆ. ತನ್ನ ಇಬ್ಬರು ಹೆಣ್ಣುಮಕ್ಕಳನ್ನ ಕಳೆದುಕೊಳ್ಳುತ್ತಿದ್ದ ವರ್ಷಗಳಲ್ಲೇ ಒಬ್ಬ ಅಪ್ಪ ಮಾಡಿದ ಕೆಲಸ ಅದು.

ಮಿಂಚುಳ್ಳಿಯ ರೆಪ್ಪೆ ಎತ್ತಿದ ಬೆರಳೂ ಈ ಚಿತ್ರ ಬಿಡಿಸಿದ ಬೆರಳೂ ಒಂದೇ. ಇದ್ದದ್ದನ್ನ ಇದ್ದಂತೆ ಬಿಡಿಸುತ್ತಿದ್ದ ಎಂದು ಹೊಗಳುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಎದುರಿಗೆ ಇದ್ದದ್ದು ಸಾವು. ಅವನು ಬಿಡಿಸಿದ್ದು ಸಾವಿನ ಹಿಂದಿನ ಗಳಿಗೆ. ಅದು ನೆನಪಿನಿಂದ, ವರ್ಷಗಟ್ಟಲೆ ನೋಡಿದ್ದರಿಂದ ಬರಬೇಕು. ತಂತಿ, ಚೌಕ, ಡಿವೈಡರ್ ಎಲ್ಲ ಇದ್ದವನಿಗೂ, ಗುಹೆಯೊಳಗೆ ಕೂತು ಫೀಬಿ ನೋಡದೆ ಇದ್ದರೆ ತಂತಿಯನ್ನ ಯಾವ ಕಡೆ ಬಗ್ಗಿಸಬೇಕು ಅನ್ನೋದು ತಿಳಿಯುತ್ತಿರಲಿಲ್ಲ.

ದೋಣಿಯಲ್ಲಿ 13ರ ಶಿಷ್ಯ

1820ರ ಅಕ್ಟೋಬರ್‌ನಲ್ಲಿ ಸಿನ್ಸಿನಾಟಿಯಿಂದ ಚಪ್ಪಟೆ ತಳದ ದೋಣಿ ಹತ್ತಿ ಒಹಾಯೊ, ಮಿಸಿಸಿಪ್ಪಿ ನದಿಗಳಲ್ಲಿ ದಕ್ಷಿಣಕ್ಕೆ ಹೊರಟ. ಅಮೆರಿಕದ ಎಲ್ಲ ಹಕ್ಕಿಗಳನ್ನೂ ಬಿಡಿಸಿಯೇ ತೀರಬೇಕು ಅನ್ನೋದು ಈಗ ಹಟ. ಹೆಂಡತಿ ಮಕ್ಕಳು ಹಿಂದೆ ಉಳಿದರು. ಜೊತೆಗೆ 13 ವರ್ಷದ ಜೋಸೆಫ್ ಮೇಸನ್. ಹಕ್ಕಿ ಗುರುವಿನದು, ಹಕ್ಕಿ ಕೂತ ಕೊಂಬೆ, ಹೂ, ಎಲೆ ಶಿಷ್ಯನದು. ಐವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಆ ಹುಡುಗ ಬರೆದ ಗಿಡಗಳಿವೆ. ಅಚ್ಚಾದಾಗ ಅವನ ಹೆಸರು ಎಲ್ಲೂ ಬರಲಿಲ್ಲ. ಮೇಸನ್‌ಗೆ ಅದು ಕೊನೆವರೆಗೂ ನೋವಾಗಿ ಉಳಿಯಿತು. ಉಳಿಯಬೇಕಾದ್ದೇ.

ದಾರಿಖರ್ಚಿಗೆ ಮತ್ತೆ ಮುಖಗಳೇ. ಒಂದು ಊರಲ್ಲಿ ಬೂಟು ಹರಿದುಹೋದಾಗ ಮೋಚಿಯದ್ದೂ ಅವನ ಹೆಂಡತಿಯದ್ದೂ ಚಿತ್ರ ಬಿಡಿಸಿ ಬದಲಿಗೆ ಬೂಟು ಪಡೆದ. 1821ರಲ್ಲಿ ಲೂಸಿಯಾನಾದ ಓಕ್ಲಿ ಎಸ್ಟೇಟಿನಲ್ಲಿ ಮನೆ ಮಗಳಿಗೆ ಡ್ರಾಯಿಂಗ್ ಪಾಠ ಹೇಳುವ ಕೆಲಸ ಸಿಕ್ಕಿತು. ತಿಂಗಳಿಗೆ 60 ಡಾಲರ್, ಅರ್ಧ ದಿನ ಪಾಠ, ಉಳಿದರ್ಧ ಕಾಡು. ನಾಲ್ಕು ತಿಂಗಳಿಗೆ ಕೆಲಸ ಹೋಯಿತು. ಆದರೆ ಅವನ ಒಳ್ಳೆಯ ಚಿತ್ರಗಳಲ್ಲಿ ಹಲವು ಶುರುವಾದದ್ದು ಆ ನಾಲ್ಕು ತಿಂಗಳಲ್ಲಿ.

ಮನೆ ನಡೆಸಿದ್ದು ಲೂಸಿ. ಶ್ರೀಮಂತರ ಎಸ್ಟೇಟುಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಇಬ್ಬರು ಗಂಡುಮಕ್ಕಳನ್ನ ಬೆಳೆಸಿದಳು. ಫಿಲಡೆಲ್ಫಿಯಾದ ವಿದ್ವಾಂಸರು 1824ರಲ್ಲಿ ಆಡುಬಾನ್‌ನನ್ನು ಹತ್ತಿರ ಬಿಟ್ಟುಕೊಳ್ಳದಿದ್ದಾಗ, ಇಂಗ್ಲೆಂಡಿಗೆ ಹೋಗೋಕೆ ಹಣ ಕೂಡಿಸಿದ್ದರಲ್ಲಿ ಅವಳ ಸಂಬಳವೂ ಸೇರಿತ್ತು. ವಿದ್ವಾಂಸರ ಸಿಟ್ಟಿಗೆ ಕಾರಣ ಇಲ್ಲದಿಲ್ಲ. ಅವನು ಸತ್ತುಹೋದ ವಿಲ್ಸನ್‌ನನ್ನು ಹಳಿಯುತ್ತಿದ್ದ. ಅದಕ್ಕೂ ಮೊದಲು, ಮನೆಗೆ ಬಂದ ರಫಿನೆಸ್ಕ್ ಎಂಬ ವಿಜ್ಞಾನಿ ರಾತ್ರಿ ಬಾವಲಿ ಹಿಡಿಯಲು ಇವನ ಪಿಟೀಲನ್ನೇ ಬೀಸಿ ಮುರಿದುಹಾಕಿದ್ದ. ಆಡುಬಾನ್ ಅವನಿಗೆ ಇಲ್ಲದ ಮೀನುಗಳ ಚಿತ್ರ ಬಿಡಿಸಿ ಕೊಟ್ಟ. ಗುಂಡು ಹೊಡೆದರೂ ತೂರದ ಚಿಪ್ಪಿನ ಮೀನು ಅದರಲ್ಲೊಂದು! ಪಾಪ, ಆತ ನಂಬಿ ಅಚ್ಚು ಹಾಕಿಸಿದ. ಇಷ್ಟು ನಿಖರವಾಗಿ ಬಿಡಿಸುವ ಕೈ ಇಷ್ಟು ಸಲೀಸಾಗಿ ಸುಳ್ಳನ್ನೂ ಬಿಡಿಸುತ್ತಿತ್ತು.

ಕುತ್ತಿಗೆ ಬಗ್ಗಿಸಿದ ರಾಜಹಂಸ

1826ರ ಜುಲೈನಲ್ಲಿ ಲಿವರ್‌ಪೂಲ್‌ಗೆ ಇಳಿದಾಗ ಅವನಿಗೆ 41 ವರ್ಷ. ಉದ್ದ ಕೂದಲು, ಕಾಡಿನವನ ವೇಷ. ಇಂಗ್ಲೆಂಡಿನವರಿಗೆ ಹುಚ್ಚು ಹಿಡಿಯಿತು. ಆಮೇಲೆ ಎಡಿನ್‌ಬರೊದಲ್ಲಿ ಅವನ ಮಾತು ಕೇಳಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಎಂಬ ಹದಿಹರೆಯದ ವಿದ್ಯಾರ್ಥಿಯೂ ಇದ್ದ. 1827ರಿಂದ ಲಂಡನ್ನಿನ ರಾಬರ್ಟ್ ಹ್ಯಾವೆಲ್ ಚಿತ್ರಗಳನ್ನ ತಾಮ್ರದ ತಗಡಿನ ಮೇಲೆ ಕೊರೆದ. ಪ್ರತಿ ಹಾಳೆಗೂ ಕೈಯಿಂದಲೇ ಬಣ್ಣ. ಬರ್ಡ್ಸ್ ಆಫ್ ಅಮೆರಿಕ ಮುಗಿದದ್ದು 1838ರಲ್ಲಿ. 435 ಹಾಳೆ, ಒಂದೊಂದೂ ಹೆಚ್ಚು ಕಡಿಮೆ ಮೂರೂಕಾಲು ಅಡಿ ಎತ್ತರ. ಪೂರ್ತಿ ಕೊಂಡವರು ಇನ್ನೂರಕ್ಕೂ ಕಡಿಮೆ. 2010ರಲ್ಲಿ ಲಂಡನ್ ಹರಾಜಿನಲ್ಲಿ ಒಂದು ಪ್ರತಿ 73 ಲಕ್ಷ ಪೌಂಡಿಗೆ ಹೋಯಿತು.

ಇದ್ದಷ್ಟೇ ದೊಡ್ಡದು ಅನ್ನೋ ಹಟಕ್ಕೆ ಆಗಿನ ಅತಿ ದೊಡ್ಡ ಕಾಗದವೂ ಸಾಲಲಿಲ್ಲ. ರಾಜಹಂಸ ನೆಟ್ಟಗೆ ನಿಂತರೆ ತಲೆ ಹಾಳೆಯ ಹೊರಗೆ. ಆಡುಬಾನ್ ಅದರ ಉದ್ದ ಕುತ್ತಿಗೆಯನ್ನ ಬಳುಕಿಸಿ ನೀರಿನ ಕಡೆ ಬಗ್ಗಿಸಿದ. ದೊಡ್ಡ ಕೊಕ್ಕರೆಗಳದ್ದೂ ಇದೇ ಉಪಾಯ. ಕಾಗದದ ಇಕ್ಕಟ್ಟಿನಿಂದ ಹುಟ್ಟಿದ ಭಂಗಿಗಳೇ ಇವತ್ತು ಅವನ ಅತಿ ಹೆಸರಾದ ಚಿತ್ರಗಳು. ತಪ್ಪುಗಳೂ ಇವೆ. ಮರ ಹತ್ತಿ ಹಕ್ಕಿಗೂಡಿಗೆ ನುಗ್ಗಿದ ರ‍್ಯಾಟಲ್ ಹಾವಿನ ಚಿತ್ರಕ್ಕೆ ಆಗಲೇ ಜಗಳ ಆಗಿತ್ತು. ವಾಷಿಂಗ್ಟನ್ ಹೆಸರಿಟ್ಟು ಅವನು ಬಿಡಿಸಿದ ಹೊಸ ಜಾತಿಯ ಹದ್ದು ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ.

ಹದ್ದಿನ ಸಾವು

ಹದ್ದು ಅಂದಾಗ 1833ರ ಮಾತು ಹೇಳಲೇಬೇಕು. ಬಾಸ್ಟನ್‌ನಲ್ಲಿ ಜೀವಂತ ಹೊನ್ನ ಹದ್ದೊಂದನ್ನ ಕೊಂಡುತಂದ. ಬಿಟ್ಟುಬಿಡೋಣ ಅಂತಲೂ ಅನ್ನಿಸಿತ್ತು, ಆದರೆ ಚಿತ್ರದ ಆಸೆ ಗೆದ್ದಿತು. ಪುಕ್ಕ ಕೆಡಬಾರದು, ಹಾಗಾಗಿ ಗುಂಡು ಹೊಡೆಯುವಂತಿಲ್ಲ. ಸಣ್ಣ ಕೋಣೆಯಲ್ಲಿ ಪಂಜರ ಇಟ್ಟು, ಇದ್ದಿಲು ಹೊತ್ತಿಸಿ ಬಾಗಿಲು ಮುಚ್ಚಿದ. ಗಂಟೆಗಟ್ಟಲೆ ಕಾದು ತೆರೆದರೆ ಹದ್ದು ಕಂಬಿಯ ಮೇಲೆ ನೆಟ್ಟಗೆ ನಿಂತು ಅವನನ್ನೇ ನೋಡುತ್ತಿತ್ತು. ಮರುದಿನ ಗಂಧಕ ಸೇರಿಸಿದ. ಹೊಗೆಗೆ ಮನೆಯವರೇ ಹೊರಗೆ ಓಡಬೇಕಾಯಿತು. ಹದ್ದು ಆಗಲೂ ನಿಂತಿತ್ತು, ನೋಡುತ್ತಿತ್ತು. ಕೊನೆಗೆ ಉದ್ದನೆಯ ಉಕ್ಕಿನ ಸೂಜಿಯನ್ನ ಎದೆಗೆ ಚುಚ್ಚಿದ.

ಎರಡು ವಾರದ ಹತ್ತಿರ ಕೂತು ಬಿಡಿಸಿದ. ಬಿಳಿ ಮೊಲವನ್ನ ಉಗುರಿನಲ್ಲಿ ಹಿಡಿದು ಮೇಲೇಳುತ್ತಿರುವ ಹದ್ದು, ಬಾಯಿ ತೆರೆದಿದೆ. ಮುಗಿಸಿದ ಮೇಲೆ ಕುಸಿದು ಬಿದ್ದ, ಸತ್ತೇಹೋಗುತ್ತೇನೆ ಅನ್ನೋ ಮಟ್ಟಿಗೆ ಕಾಯಿಲೆ ಬಿದ್ದ. ಮೂಲ ಚಿತ್ರದ ಕೆಳಗೆ ಒಂದು ಮೂಲೆಯಲ್ಲಿ, ಕಂದಕಕ್ಕೆ ಅಡ್ಡ ಬಿದ್ದ ಮರದ ದಿಮ್ಮಿಯ ಮೇಲೆ ಪುಟ್ಟ ಮನುಷ್ಯನೊಬ್ಬ ತೆವಳುತ್ತಿದ್ದಾನೆ. ಬೆನ್ನಿಗೆ ಬಂದೂಕು, ಸತ್ತ ಹದ್ದು. ಅದು ಆಡುಬಾನ್‌ನ ಸ್ವಂತ ಚಿತ್ರ ಅಂತಲೇ ಹೆಚ್ಚಿನವರು ಹೇಳ್ತಾರೆ. ಹ್ಯಾವೆಲ್ ಅಚ್ಚು ಹಾಕಿದಾಗ ಆ ಮನುಷ್ಯ ಇಲ್ಲ.

ಅದೇ ವರ್ಷ ಲ್ಯಾಬ್ರಡಾರ್ ಕರಾವಳಿಗೆ ಹೋದಾಗ, ಹಕ್ಕಿ ಮೊಟ್ಟೆ ಲೂಟಿ ಮಾಡಿ ಮಾರುವವರನ್ನ ಕಂಡು ಆಡುಬಾನ್ ಕೆಂಡವಾದ. ಹೀಗೇ ಹೋದರೆ ಏನೂ ಉಳಿಯಲ್ಲ ಅಂತ ಬರೆದ. ಅವನೇ ಚಿತ್ರಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಹಕ್ಕಿ ಹೊಡೆದವನು. ಎರಡೂ ನಿಜ. 1813ರಲ್ಲಿ ಹೆಂಡರ್ಸನ್‌ನಿಂದ ಲೂಯಿವಿಲ್‌ಗೆ ಹೋಗುವಾಗ ಪ್ಯಾಸೆಂಜರ್ ಪಾರಿವಾಳಗಳ ಹಿಂಡು ಸೂರ್ಯನನ್ನೇ ಮುಚ್ಚಿ ಮೂರು ದಿನ ಹಾರಿದ್ದನ್ನ ಅವನು ನೋಡಿದ್ದ. ಆ ಜಾತಿಯ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಅವನು ಗುಂಪುಗುಂಪಾಗಿ ಬಿಡಿಸಿದ ಕೆರೊಲಿನಾ ಗಿಳಿಯೂ 1918ರಲ್ಲಿ ಅದೇ ಮೃಗಾಲಯದಲ್ಲಿ ಮುಗಿಯಿತು. ಈಗ ಅವು ಹೇಗಿದ್ದವು ಅಂತ ನೋಡಬೇಕಾದರೆ ಸಂಗ್ರಹಾಲಯದ ಒಣ ಚರ್ಮದ ಜೊತೆ ಅವನ ಹಾಳೆಗಳನ್ನೂ ತೆರೆಯಬಹುದು.

ಕೊನೆಯ ವರ್ಷಗಳು

ಹಕ್ಕಿ ಮುಗಿದ ಮೇಲೆ ಗೆಳೆಯ ಜಾನ್ ಬಾಕ್‌ಮನ್ ಜೊತೆ ಅಮೆರಿಕದ ಪ್ರಾಣಿಗಳ ಪುಸ್ತಕಕ್ಕೆ ಕೈ ಹಾಕಿದ. 1843ರಲ್ಲಿ, 58ರ ವಯಸ್ಸಿನಲ್ಲಿ, ಮಿಸೌರಿ ನದಿಯ ಮೇಲ್ಭಾಗಕ್ಕೆ ಹೋಗಿಬಂದ. 150 ಚಿತ್ರಗಳಲ್ಲಿ ಅರ್ಧದಷ್ಟನ್ನ ಮಗ ಜಾನ್ ಬಿಡಿಸಬೇಕಾಯಿತು. ಯಾಕಂದ್ರೆ ಅಪ್ಪನ ಕಣ್ಣು ಮಂಜಾಗಿತ್ತು, ಆಮೇಲೆ ಬುದ್ಧಿಯೂ. ಕೊನೆಯ ವರ್ಷಗಳಲ್ಲಿ ಮರೆವು ಪೂರ್ತಿ ಆವರಿಸಿತ್ತು. 1851ರ ಜನವರಿ 27ರಂದು, ನ್ಯೂಯಾರ್ಕ್‌ನಲ್ಲಿ ಹಡ್ಸನ್ ನದಿ ದಂಡೆಯ ಮನೆಯಲ್ಲಿ ತೀರಿಕೊಂಡ.

ಲೂಸಿ ಇನ್ನೂ 23 ವರ್ಷ ಬದುಕಿದಳು. ಇಬ್ಬರು ಗಂಡುಮಕ್ಕಳೂ ಅವಳ ಕಣ್ಣೆದುರೇ ಹೋದರು. ಸಾಲ ಮತ್ತೆ ಬಂತು. ಎಪ್ಪತ್ತು ದಾಟಿದ ಮೇಲೂ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿದಳು. ಆ ಮಕ್ಕಳಲ್ಲಿ ಒಬ್ಬ ಜಾರ್ಜ್ ಬರ್ಡ್ ಗ್ರಿನೆಲ್, 1886ರಲ್ಲಿ ಹಕ್ಕಿಗಳನ್ನು ಕೊಲ್ಲುವುದರ ವಿರುದ್ಧ ಮೊದಲ ಆಡುಬಾನ್ ಸೊಸೈಟಿ ಕಟ್ಟಿದ. ಆ ಹೆಸರು ಇರಬೇಕೋ ಬೇಡವೋ ಎಂದು ಅಮೆರಿಕದಲ್ಲಿ ಈಗ ವಾದ ನಡೆದಿದೆ. 2023ರಲ್ಲಿ ರಾಷ್ಟ್ರೀಯ ಸಂಸ್ಥೆ ಹೆಸರು ಉಳಿಸಿಕೊಂಡಿತು. ಸಿಯಾಟಲ್, ಶಿಕಾಗೊ ಮುಂತಾದ ಊರುಗಳ ಸಂಘಗಳು, ಗುಲಾಮರನ್ನ ಇಟ್ಟುಕೊಂಡವನ ಹೆಸರು ಬೇಡ ಎಂದು ಬದಲಿಸಿಕೊಂಡವು.

ತಾಮ್ರದ ತಗಡುಗಳಲ್ಲಿ ಹೆಚ್ಚಿನವು ಗುಜರಿ ಲೆಕ್ಕದಲ್ಲಿ ಕರಗಿಹೋದವು. ಮೂಲ ಚಿತ್ರಗಳನ್ನ 1863ರಲ್ಲಿ ಲೂಸಿ ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿಗೆ 4,000 ಡಾಲರ್‌ಗೆ ಮಾರಿದಳು. ಅವು ಈಗಲೂ ಅಲ್ಲಿವೆ. ಹಾಳೆಗಳ ಮೇಲೆ ಹ್ಯಾವೆಲ್‌ಗೆ ಅಂತ ಆಡುಬಾನ್ ಪೆನ್ಸಿಲ್‌ನಲ್ಲಿ ಗೀಚಿದ ಸೂಚನೆಗಳು ಹಾಗೇ ಉಳಿದಿವೆ.